ಎಂಜಿಬಿ ಎಂಜಿನ್‌ಗೆ ಫೋರ್ಡ್ ಗೇರ್‌ಬಾಕ್ಸ್: ಎರಡು ಕಂಪನಿಯ ಶಾಫ್ಟ್‌ಗಳು ಒಂದೇ ಗೆರೆಗೆ ಬರುವ ಬಗೆ

ಎಂಜಿಬಿ ಎಂಬ ಪುಟ್ಟ ಸ್ಪೋರ್ಟ್ಸ್ ಕಾರು ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾಯಿತು. ಐದು ಲಕ್ಷಕ್ಕೂ ಜಾಸ್ತಿ ಕಾರುಗಳು ಹೊರಬಂದವು. ಎಷ್ಟೋ ಕಾರುಗಳು ಇವತ್ತಿಗೂ ರಸ್ತೆಯಲ್ಲಿವೆ. ಅದರ 1798 ಸಿಸಿ ಎಂಜಿನ್ ಗಟ್ಟಿಮುಟ್ಟು, ರಿಪೇರಿಯೂ ಸುಲಭ. ಕೊರತೆ ಇರುವುದು ಅದರ ಹಿಂದಿನ ಗೇರ್‌ಬಾಕ್ಸ್‌ನಲ್ಲಿ. ನಾಲ್ಕೇ ಗೇರ್. ನಾಲ್ಕನೇ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ ಸಾವಿರ ಸುತ್ತು ತಿರುಗಿದರೆ ಕಾರಿನ ವೇಗ ಗಂಟೆಗೆ 17.9 ಮೈಲಿ. ಬ್ರಿಟನ್ನಿನ ಮೋಟಾರ್‌ವೇಯಲ್ಲಿ ವೇಗದ ಮಿತಿ 70 ಮೈಲಿ, ಅಂದರೆ ಸುಮಾರು 112 ಕಿ.ಮೀ. ಆ ವೇಗ ಹಿಡಿದಿಡಲು ಎಂಜಿನ್ 3900 ಸುತ್ತು ತಿರುಗುತ್ತಲೇ ಇರಬೇಕು. ದೂರದ ಪ್ರಯಾಣಕ್ಕೆ ಇದು ಕಿವಿಗೂ ಭಾರ, ಜೇಬಿಗೂ ಭಾರ.

ಇದಕ್ಕೆ ಅಲ್ಲಿನವರು ಕಂಡುಕೊಂಡ ದಾರಿಗಳಲ್ಲಿ ಒಂದು ಫೋರ್ಡ್ ಕಂಪನಿಯ ಐದು ಗೇರಿನ ಟೈಪ್ 9 ಬಾಕ್ಸ್. ಫೋರ್ಡ್ ಸಿಯೆರಾ, ಕ್ಯಾಪ್ರಿ ಕಾರುಗಳಲ್ಲಿ 1980ರ ದಶಕದಲ್ಲಿ ಬಂದ ಬಾಕ್ಸ್ ಇದು. ಐದನೇ ಗೇರಿನ ಅನುಪಾತ 0.82, ಅಂದರೆ ಬಾಕ್ಸ್‌ನ ಹಿಂದಿನ ಶಾಫ್ಟ್ ಒಂದು ಸುತ್ತು ತಿರುಗಲು ಎಂಜಿನ್ 0.82 ಸುತ್ತು ತಿರುಗಿದರೆ ಸಾಕು. ಅದನ್ನು ಕೂರಿಸಿದರೆ ಅದೇ 70 ಮೈಲಿ ವೇಗದಲ್ಲಿ ಎಂಜಿನ್ ಸುಮಾರು 3200 ಸುತ್ತಿಗೆ ಇಳಿಯುತ್ತದೆ. ಎಂಜಿನ್ ಒಂದು ಕಂಪನಿಯದ್ದು, ಗೇರ್‌ಬಾಕ್ಸ್ ಅದರ ಕಡುಸ್ಪರ್ಧಿಯದ್ದು. ಒಂದಕ್ಕೊಂದು ಸೇರಲಿ ಎಂದು ಯಾರೂ ಅವನ್ನು ಮಾಡಿರಲಿಲ್ಲ. ಆದರೂ ಸೇರುತ್ತವೆ, ಚೆನ್ನಾಗಿಯೇ ಓಡುತ್ತವೆ.

ಈ ಜೋಡಿಯನ್ನು ಆರಿಸಿಕೊಳ್ಳಲು ನಮಗೆ ಇನ್ನೊಂದು ಕಾರಣವೂ ಇದೆ. ಎಂಜಿಬಿಯ ಎಂಜಿನ್ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಶನ್) ಕಂಪನಿಯ ಬಿ-ಸೀರೀಸ್ ಕುಟುಂಬದ್ದು. ನಮ್ಮ ಅಂಬಾಸಿಡರ್‌ನ 1489 ಸಿಸಿ ಎಂಜಿನ್ ಕೂಡ ಅದೇ ಕುಟುಂಬದ್ದೇ. ಅಂಬಾಸಿಡರ್ ಬಾನೆಟ್ ಎತ್ತಿ ನೋಡಿದವರಿಗೆ ಎಂಜಿಬಿಯ ಎಂಜಿನ್ ಅಪರಿಚಿತ ಅನ್ನಿಸುವುದಿಲ್ಲ.

ಎಲ್ಲಿ ಸೇರುತ್ತವೆ?

ಪಿಸ್ಟನ್‌ಗಳು ತಿರುಗಿಸುವ ಎಂಜಿನ್‌ನ ಮುಖ್ಯ ಶಾಫ್ಟ್ ಕ್ರ್ಯಾಂಕ್‌ಶಾಫ್ಟ್. ಅದರ ಹಿಂಬದಿಗೆ ಫ್ಲೈವೀಲ್ ಎಂಬ ಭಾರದ ಚಕ್ರ ಬೋಲ್ಟ್ ಆಗಿರುತ್ತದೆ. ಫ್ಲೈವೀಲ್ ಮೇಲೆ ಪ್ರೆಷರ್ ಪ್ಲೇಟ್, ಅವೆರಡರ ನಡುವೆ ಕ್ಲಚ್ ಪ್ಲೇಟ್. ಗೇರ್‌ಬಾಕ್ಸ್‌ನಿಂದ ಮುಂದಕ್ಕೆ ಚಾಚಿಕೊಂಡ ಇನ್‌ಪುಟ್ ಶಾಫ್ಟ್ ಈ ಕ್ಲಚ್ ಪ್ಲೇಟಿನ ಹಲ್ಲುಗಳೊಳಗೆ ತೂರಿಕೊಳ್ಳುತ್ತದೆ. ಆ ಶಾಫ್ಟಿನ ತುದಿ ಇನ್ನೂ ಮುಂದೆ ಹೋಗಿ ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಗುಂಡಿಯಲ್ಲಿರುವ ಪೈಲಟ್ ಬೇರಿಂಗ್ ಅಥವಾ ಬುಷ್‌ನಲ್ಲಿ ಕೂರುತ್ತದೆ. ಇಷ್ಟನ್ನೂ ಮುಚ್ಚಿಕೊಂಡು ಗೇರ್‌ಬಾಕ್ಸನ್ನು ಎಂಜಿನ್‌ಗೆ ಹಿಡಿದು ನಿಲ್ಲಿಸುವುದು ಬೆಲ್ ಹೌಸಿಂಗ್.

ಈ ಪ್ರತಿಯೊಂದರ ಅಳತೆಯನ್ನೂ ಪ್ರತಿ ಕಂಪನಿ ತನಗೆ ಬೇಕಾದ ಹಾಗೆ ಇಟ್ಟುಕೊಳ್ಳುತ್ತದೆ. ಬೋಲ್ಟ್ ತೂತುಗಳ ಜಾಗ ಬೇರೆ, ಬೆಲ್ ಹೌಸಿಂಗ್ ಉದ್ದ ಬೇರೆ, ಶಾಫ್ಟಿನ ಹಲ್ಲು ಬೇರೆ, ಪೈಲಟ್ ತುದಿಯ ದಪ್ಪ ಬೇರೆ, ಸ್ಟಾರ್ಟರ್ ಕೂರುವ ಜಾಗವೂ ಬೇರೆ. ಬೇರೆ ಕಂಪನಿಯ ಬಾಕ್ಸ್ ಕೂರಿಸುವುದು ಅಂದರೆ ಈ ವ್ಯತ್ಯಾಸಗಳನ್ನೆಲ್ಲ ಒಂದೊಂದಾಗಿ ಬಗೆಹರಿಸುವುದು. ಒಂದನ್ನು ಬಿಟ್ಟರೂ ಉಳಿದ ಕೆಲಸ ದಂಡ.

ಟೈಪ್ 9 ಇಷ್ಟು ಜನಪ್ರಿಯ ಆಗಲು ಮುಖ್ಯ ಕಾರಣ ಅದರ ಬೆಲ್ ಹೌಸಿಂಗ್ ಬೇರೆ ತುಂಡು. ಬೋಲ್ಟ್ ಬಿಚ್ಚಿದರೆ ಕಳಚಿ ಕೈಗೆ ಬರುತ್ತದೆ. ಹಾಗಾಗಿ ಫೋರ್ಡ್ ಬೆಲ್ ಹೌಸಿಂಗ್ ತೆಗೆದಿಟ್ಟು, ಮುಂದುಗಡೆ ಬಿಎಂಸಿ ಎಂಜಿನ್‌ಗೂ ಹಿಂದುಗಡೆ ಫೋರ್ಡ್ ಬಾಕ್ಸ್‌ಗೂ ಹೊಂದುವ ಹೊಸ ಅಲ್ಯೂಮಿನಿಯಂ ಹೌಸಿಂಗ್ ಎರಕ ಹೊಯ್ಯಿಸಿದರೆ ಅರ್ಧ ಕೆಲಸ ಮುಗಿಯಿತು. ಇಂಥ ಕಿಟ್‌ಗಳು ಬ್ರಿಟನ್ನಿನಲ್ಲಿ ಸಿದ್ಧವಾಗಿಯೇ ಸಿಗುತ್ತವೆ. ಎಲ್ಲ ಗೇರ್‌ಬಾಕ್ಸ್‌ಗಳೂ ಹೀಗೆ ಉಪಕಾರ ಮಾಡುವುದಿಲ್ಲ. ನಿಸ್ಸಾನ್ 350ಜಡ್ ಕಾರಿನ ಆರು ಗೇರಿನ ಬಾಕ್ಸನ್ನು ಅಮೆರಿಕದಲ್ಲಿ ಬೇರೆ ಬೇರೆ ಎಂಜಿನ್‌ಗಳಿಗೆ ಕೂರಿಸುತ್ತಾರೆ. ಅದರಲ್ಲಿ ಬೆಲ್ ಹೌಸಿಂಗ್ ಬಾಕ್ಸ್‌ನ ಮುಂಭಾಗದ ಜೊತೆ ಒಂದೇ ಎರಕ. ಅದನ್ನು ಕುಯ್ದು, ಕುಯ್ದ ಮುಖವನ್ನು ಮಿಲ್ಲಿಂಗ್ ಯಂತ್ರದಲ್ಲಿ ಮಟ್ಟ ಮಾಡಿ, ಅದಕ್ಕೆ ಅಡಾಪ್ಟರ್ ಪ್ಲೇಟ್ ಬಿಗಿಯಬೇಕು. ಆಗುತ್ತದೆ, ಆದರೆ ವಾಪಸ್ ಹೋಗುವ ದಾರಿ ಇರುವುದಿಲ್ಲ.

ಬಲದ ಲೆಕ್ಕದಲ್ಲೂ ಟೈಪ್ 9 ಸಾಕಷ್ಟು ಗಟ್ಟಿ. ಎಂಜಿಬಿ ಎಂಜಿನ್‌ನ ಟಾರ್ಕ್, ಅಂದರೆ ಶಾಫ್ಟನ್ನು ತಿರುಚುವ ಬಲ, ಸುಮಾರು 150 ನ್ಯೂಟನ್ ಮೀಟರ್. ಫೋರ್ಡ್ ಇದೇ ಬಾಕ್ಸನ್ನು 200 ನ್ಯೂಟನ್ ಮೀಟರ್ ದಾಟುವ ತನ್ನ 2.8 ಲೀಟರ್ ವಿ6 ಎಂಜಿನ್‌ಗೂ ಹಾಕಿತ್ತು. ಬಾಕ್ಸ್ ಆರಿಸುವಾಗ ಮೊದಲು ನೋಡಬೇಕಾದ್ದು ಇದನ್ನೇ. ಮೂಲ ಕಾರಿನಲ್ಲಿ ಅದು ಎಷ್ಟು ಟಾರ್ಕ್ ಹೊತ್ತಿತ್ತು? ನಮ್ಮ ಎಂಜಿನ್‌ನದ್ದು ಅದಕ್ಕಿಂತ ಕಡಿಮೆ ಇದ್ದರೆ ನೆಮ್ಮದಿ.

ಬೋಲ್ಟ್ ಬಿಗಿಯುತ್ತದೆ, ಜಾಗ ತೋರಿಸುವುದು ಡೋವೆಲ್

ಎಲ್ಲಕ್ಕಿಂತ ಮುಖ್ಯವಾದ, ಎಲ್ಲಕ್ಕಿಂತ ಜಾಸ್ತಿ ಕಡೆಗಣಿಸುವ ವಿಷಯ ಇದು. ಕ್ರ್ಯಾಂಕ್‌ಶಾಫ್ಟಿನ ನಡುಗೆರೆ ಮತ್ತು ಇನ್‌ಪುಟ್ ಶಾಫ್ಟಿನ ನಡುಗೆರೆ ಒಂದೇ ಆಗಿರಬೇಕು. ತೂತುಗಳು ಹೊಂದಿದವು, ಬೋಲ್ಟ್ ಒಳಗೆ ಹೋಯಿತು, ಬಾಕ್ಸ್ ಕೂತಿತು ಅಂದಮಾತ್ರಕ್ಕೆ ಕೆಲಸ ಸರಿಯಾಯಿತು ಎಂದಲ್ಲ. ಬೋಲ್ಟಿಗಿಂತ ಅದರ ತೂತು ಯಾವಾಗಲೂ ಸ್ವಲ್ಪ ದೊಡ್ಡದು. ಆ ಸಡಿಲದಲ್ಲಿ ಹೌಸಿಂಗ್ ಅರ್ಧ ಮಿಲಿಮೀಟರ್ ಅತ್ತಿತ್ತ ಆಗಬಹುದು. ಆದ್ದರಿಂದಲೇ ಎಂಜಿನ್ ಬ್ಲಾಕಿನಲ್ಲಿ ಡೋವೆಲ್ ಎಂಬ ಎರಡು ಗಟ್ಟಿ ಪಿನ್‌ಗಳನ್ನು ಕೂರಿಸಿರುತ್ತಾರೆ. ಹೌಸಿಂಗ್ ಎಲ್ಲಿ ನಿಲ್ಲಬೇಕು ಎಂದು ಹೇಳುವುದು ಅವು. ಬೋಲ್ಟ್‌ಗಳ ಕೆಲಸ ಅಲ್ಲಿ ಹಿಡಿದಿಡುವುದಷ್ಟೇ.

ಇನ್ನೊಂದು ತುದಿಯಲ್ಲಿ, ಗೇರ್‌ಬಾಕ್ಸ್‌ನ ಮುಂದಿನ ಬೇರಿಂಗ್ ಮುಚ್ಚಳದ ದುಂಡು ಅಂಚು ಬೆಲ್ ಹೌಸಿಂಗ್‌ನ ನಡುವಿನ ದೊಡ್ಡ ತೂತಿಗೆ ಬಿಗಿಯಾಗಿ ಕೂರುತ್ತದೆ. ಅಂದರೆ ಆ ದೊಡ್ಡ ತೂತಿನ ನಡು ಎಲ್ಲಿದೆಯೋ ಇನ್‌ಪುಟ್ ಶಾಫ್ಟ್ ಅಲ್ಲೇ ಇರುತ್ತದೆ. ಹಾಗಾಗಿ ನಾವು ಕೇಳಬೇಕಾದ ಪ್ರಶ್ನೆ ಒಂದೇ. ಹೌಸಿಂಗ್ ಬಿಗಿದ ಮೇಲೆ ಆ ತೂತಿನ ನಡು ಕ್ರ್ಯಾಂಕ್‌ಶಾಫ್ಟಿನ ನಡುವಿನಿಂದ ಎಷ್ಟು ದೂರ?

ಇದನ್ನು ಅಳೆಯುವುದು ಡಯಲ್ ಗೇಜ್‌ನಿಂದ, ಅಂದರೆ ಮೊನೆ ಚೂರೇ ಸರಿದರೂ ಮುಳ್ಳಿನಿಂದ ಅಂಕಿ ತೋರಿಸುವ ಸಾಧನದಿಂದ. ಬೆಲ್ ಹೌಸಿಂಗನ್ನು ಮಾತ್ರ ಎಂಜಿನ್‌ಗೆ ಬಿಗಿಯಿರಿ, ಗೇರ್‌ಬಾಕ್ಸ್ ಈಗ ಬೇಡ. ಗೇಜಿನ ಅಯಸ್ಕಾಂತದ ಬುಡವನ್ನು ಫ್ಲೈವೀಲ್ ಮೇಲೆ ಕೂರಿಸಿ, ಗೇಜಿನ ಮೊನೆ ದೊಡ್ಡ ತೂತಿನ ಒಳಗೋಡೆಯನ್ನು ಮುಟ್ಟುವಂತೆ ಇಡಿ. ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದರೆ ಕ್ರ್ಯಾಂಕನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸಬಹುದು. ಮೇಲೆ, ಬಲಕ್ಕೆ, ಕೆಳಗೆ, ಎಡಕ್ಕೆ ಹೀಗೆ ನಾಲ್ಕು ಕಡೆ ಅಂಕಿ ಬರೆದುಕೊಳ್ಳಿ. ಎದುರುಬದುರಿನ ಎರಡು ಅಂಕಿಗಳ ವ್ಯತ್ಯಾಸದಲ್ಲಿ ಅರ್ಧ ತೆಗೆದುಕೊಂಡರೆ ಆ ದಿಕ್ಕಿನಲ್ಲಿ ನಡು ಎಷ್ಟು ಸರಿದಿದೆ ಎಂದು ಸಿಗುತ್ತದೆ. ಅರ್ಧ ಯಾಕೆ? ತೂತು 0.1 ಮಿ.ಮೀ. ಮೇಲಕ್ಕೆ ಸರಿದಿದ್ದರೆ ಮೇಲ್ಗೋಡೆ 0.1 ದೂರ ಆಗಿರುತ್ತದೆ, ಕೆಳಗೋಡೆ 0.1 ಹತ್ತಿರ ಬಂದಿರುತ್ತದೆ. ಗೇಜ್ ಎರಡನ್ನೂ ಸೇರಿಸಿ 0.2 ಎಂದು ತೋರಿಸುತ್ತದೆ.

ಒಂದು ಲೆಕ್ಕ ನೋಡೋಣ. ಮೇಲೆ-ಕೆಳಗಿನ ವ್ಯತ್ಯಾಸ 0.30 ಮಿ.ಮೀ., ಎಡ-ಬಲದ ವ್ಯತ್ಯಾಸ 0.40 ಮಿ.ಮೀ. ಬಂತು ಎನ್ನಿ. ಅರ್ಧ ಮಾಡಿದರೆ 0.15 ಮತ್ತು 0.20. ಎರಡೂ ಒಂದಕ್ಕೊಂದು ಲಂಬವಾದ ದಿಕ್ಕಿನವು. ಆದ್ದರಿಂದ ಒಟ್ಟು ಸರಿತ ಪೈಥಾಗೊರಸ್ ಲೆಕ್ಕದಲ್ಲಿ 0.25 ಮಿ.ಮೀ. ಸಾಮಾನ್ಯವಾಗಿ ಒಪ್ಪುವ ಮಿತಿ ಒಂದಿಂಚಿನ ಸಾವಿರದಲ್ಲಿ ಐದು ಭಾಗ, ಅಂದರೆ 0.13 ಮಿ.ಮೀ. ನಮ್ಮದು ಅದರ ಎರಡರಷ್ಟು ಹತ್ತಿರ ಇದೆ. ಕಣ್ಣಿಗೆ ಕಾಣುವುದಿಲ್ಲ, ಬಾಕ್ಸ್ ಸಲೀಸಾಗಿ ಒಳಗೂ ಹೋಗಬಹುದು. ಆದರೂ ಇದನ್ನು ಹಾಗೇ ಬಿಡಬಾರದು. ಇದಕ್ಕೆಂದೇ ಆಫ್‌ಸೆಟ್ ಡೋವೆಲ್ ಸಿಗುತ್ತವೆ. ಅವುಗಳ ಎರಡು ಭಾಗಗಳ ನಡು ಬೇರೆ ಬೇರೆ. 0.18 ಮಿ.ಮೀ. ಸರಿತದ ಡೋವೆಲ್ ಹಾಕಿ ಸರಿಯಾದ ದಿಕ್ಕಿಗೆ ತಿರುಗಿಸಿದರೆ ಉಳಿಯುವುದು 0.07 ಮಾತ್ರ. ಮತ್ತೆ ಬಿಗಿದು ಮತ್ತೆ ಅಳೆಯಬೇಕು.

ಹಾಗೆಯೇ ಗೇಜಿನ ಮೊನೆಯನ್ನು ಹೌಸಿಂಗ್‌ನ ಹಿಂದಿನ ಮುಖಕ್ಕೆ, ಅಂದರೆ ಗೇರ್‌ಬಾಕ್ಸ್ ಬೋಲ್ಟ್ ಆಗುವ ಮುಖಕ್ಕೆ ಇಟ್ಟು ಒಂದು ಸುತ್ತು ತಿರುಗಿಸಿ. ನಡು ಸರಿಯಿದ್ದೂ ಮುಖ ಓರೆಯಾಗಿದ್ದರೆ ಶಾಫ್ಟ್ ವಾಲಿಕೊಂಡು ಒಳಗೆ ಹೋಗುತ್ತದೆ. ಈ ಅಳತೆ ಮಾಡುವಾಗ ಕ್ರ್ಯಾಂಕನ್ನು ಒಂದೇ ಕಡೆಗೆ ಒತ್ತಿ ಹಿಡಿದಿರಬೇಕು, ಇಲ್ಲದಿದ್ದರೆ ಅದರ ಹಿಂದುಮುಂದಿನ ಆಟವೇ ಅಂಕಿಯಲ್ಲಿ ಸೇರಿಕೊಳ್ಳುತ್ತದೆ. ಎಂಜಿಬಿಯಲ್ಲಿ ಬ್ಲಾಕಿಗೂ ಬೆಲ್ ಹೌಸಿಂಗ್‌ಗೂ ನಡುವೆ ಒಂದು ಉಕ್ಕಿನ ಪ್ಲೇಟ್ ಇದೆ. ಅದರ ಮೇಲೆ ಉಳಿದ ಹಳೇ ಪೇಂಟ್, ತೂತಿನ ಅಂಚಿನ ಚೂರು ಮುಳ್ಳು ಸಾಕು ಮುಖ ಓರೆಯಾಗಲು. ಮೊದಲು ಅದನ್ನು ಉಜ್ಜಿ ಸ್ವಚ್ಛ ಮಾಡಿ, ಆಮೇಲೆ ಅಳೆಯಿರಿ.

ನಡು ತಪ್ಪಿದ ಜೋಡಣೆ ತಕ್ಷಣ ಏನೂ ಹೇಳುವುದಿಲ್ಲ. ಕಾರು ಓಡುತ್ತದೆ. ಕೆಲವು ಸಾವಿರ ಕಿಲೋಮೀಟರ್ ಆದ ಮೇಲೆ ಪೈಲಟ್ ಬುಷ್ ಮೊಟ್ಟೆಯಾಕಾರಕ್ಕೆ ಸವೆಯುತ್ತದೆ. ಮುಂದಿನ ಬೇರಿಂಗ್ ಕೂಗಲು ಶುರು ಮಾಡುತ್ತದೆ. ಕ್ಲಚ್ ಪ್ಲೇಟಿನ ನಡುಭಾಗ ಬಿರುಕು ಬಿಡುತ್ತದೆ. ಗೇರ್ ತಾನಾಗಿ ನ್ಯೂಟ್ರಲ್‌ಗೆ ಹಾರುತ್ತದೆ. ಆಗ ಎಲ್ಲರೂ ಬೈಯುವುದು ಗೇರ್‌ಬಾಕ್ಸನ್ನು. ಬಾಕ್ಸ್ ಬಿಚ್ಚಿ ಹೊಸ ಬೇರಿಂಗ್ ಹಾಕುತ್ತಾರೆ, ಅದೂ ಹೋಗುತ್ತದೆ. ಒಂದು ಗಂಟೆ ಡಯಲ್ ಗೇಜ್ ಹಿಡಿದಿದ್ದರೆ ಈ ಖರ್ಚು ಬರುತ್ತಲೇ ಇರಲಿಲ್ಲ. ಈ ಕೆಲಸದಲ್ಲಿ ಎಲ್ಲಿಯಾದರೂ ಹಣ, ಸಮಯ ಸುರಿಯಬೇಕಾದರೆ ಇಲ್ಲೇ ಸುರಿಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪಾಲಿಶ್ ಮಾಡಿದ ಹೌಸಿಂಗ್, ದುಬಾರಿ ಕ್ಲಚ್ ಇವೆಲ್ಲ ಆಮೇಲಿನ ಮಾತು.

ಉದ್ದದ ಲೆಕ್ಕ

ಹೊಸ ಬೆಲ್ ಹೌಸಿಂಗ್ ಎರಕ ಹೊಯ್ಯಿಸುವುದು ದುಬಾರಿ. ಒಂದೇ ಕಾರಿಗೆ ಮಾಡುವವರು ಹೆಚ್ಚಾಗಿ ಅಡಾಪ್ಟರ್ ಪ್ಲೇಟ್ ಮೊರೆ ಹೋಗುತ್ತಾರೆ. ಎಂಜಿನ್‌ನ ತೂತುಗಳು ಒಂದು ವರಸೆಯಲ್ಲಿ, ಬಾಕ್ಸ್‌ನ ತೂತುಗಳು ಇನ್ನೊಂದು ವರಸೆಯಲ್ಲಿ ಇರುವ ದಪ್ಪನೆಯ ಲೋಹದ ಹಲಗೆ ಅದು. ಕೇಳಲು ಸುಲಭ. ಆದರೆ ಪ್ಲೇಟ್ 20 ಮಿ.ಮೀ. ದಪ್ಪ ಇದ್ದರೆ ಗೇರ್‌ಬಾಕ್ಸ್ 20 ಮಿ.ಮೀ. ಹಿಂದಕ್ಕೆ ಹೋಯಿತು ಅಂತಲೇ ಅರ್ಥ. ಇನ್‌ಪುಟ್ ಶಾಫ್ಟ್ ಉದ್ದ ಅಷ್ಟೇ ಇದೆ. ಈಗ ಅದರ ತುದಿ ಪೈಲಟ್ ಬುಷ್ ತಲುಪುವುದಿಲ್ಲ, ಹಲ್ಲುಗಳು ಕ್ಲಚ್ ಪ್ಲೇಟಿನಲ್ಲಿ ಅರ್ಧಂಬರ್ಧ ಸಿಕ್ಕಿಕೊಳ್ಳುತ್ತವೆ. ಇದನ್ನು ಸರಿದೂಗಿಸಲು ಹೌಸಿಂಗ್‌ನ ಅಂಚನ್ನು ಅಷ್ಟೇ ಕೊರೆದು ಗಿಡ್ಡ ಮಾಡಬೇಕು, ಇಲ್ಲವೇ ಫ್ಲೈವೀಲನ್ನು ಹಿಂದಕ್ಕೆ ತರಬೇಕು. ಫ್ಲೈವೀಲ್ ಸರಿದರೆ ಸ್ಟಾರ್ಟರ್ ಹಲ್ಲು ರಿಂಗ್ ಗೇರಿಗೆ ಸಿಗುವುದಿಲ್ಲ. ಒಂದನ್ನು ಎಳೆದರೆ ಇನ್ನೊಂದು ಬಿಚ್ಚಿಕೊಳ್ಳುತ್ತದೆ.

ಆದ್ದರಿಂದ ಲೋಹ ಕುಯ್ಯುವ ಮೊದಲು ಕಾಗದದ ಮೇಲೆ ನಾಲ್ಕು ದೂರ ಬರೆದುಕೊಳ್ಳಬೇಕು. ಎಂಜಿನ್‌ನ ಹಿಂದಿನ ಮುಖದಿಂದ ಕ್ಲಚ್ ಪ್ಲೇಟ್ ಕೂರುವ ಫ್ಲೈವೀಲ್ ಮುಖಕ್ಕೆ ಎಷ್ಟು, ಅದೇ ಮುಖದಿಂದ ಪೈಲಟ್ ಬುಷ್‌ನ ಬಾಯಿಗೆ ಎಷ್ಟು, ಗೇರ್‌ಬಾಕ್ಸ್ ಮುಖದಿಂದ ಶಾಫ್ಟಿನ ತುದಿಗೆ ಮತ್ತು ಹಲ್ಲುಗಳು ಶುರುವಾಗುವ ಜಾಗಕ್ಕೆ ಎಷ್ಟು. ಹೌಸಿಂಗ್‌ನ ಉದ್ದ ಎಷ್ಟಿರಬೇಕು ಎಂದು ಇವೇ ಹೇಳುತ್ತವೆ. ಇಲ್ಲೊಂದು ಎಚ್ಚರಿಕೆ: ಟೈಪ್ 9 ಬಾಕ್ಸ್‌ಗಳೆಲ್ಲ ಒಂದೇ ಅಲ್ಲ. ವಿ6 ಎಂಜಿನ್‌ಗೆ ಬಂದದ್ದರ ಇನ್‌ಪುಟ್ ಶಾಫ್ಟ್ ಉದ್ದವೂ ಬೇರೆ, ಗೇರ್ ಅನುಪಾತವೂ ಬೇರೆ. ಹೆಸರು ಒಂದೇ ಎಂದು ನಂಬಿ ಹೌಸಿಂಗ್ ತರಿಸಬೇಡಿ, ಕೈಯಲ್ಲಿರುವ ಬಾಕ್ಸನ್ನೇ ಅಳೆಯಿರಿ.

ಪೈಲಟ್ ಬುಷ್ ಕೂಡ ಎರಡು ಕಡೆಯವರನ್ನೂ ಒಪ್ಪಿಸುವ ತುಂಡು. ಅದರ ಹೊರ ಅಳತೆ ಬಿಎಂಸಿ ಕ್ರ್ಯಾಂಕಿನದ್ದು, ಒಳ ಅಳತೆ ಫೋರ್ಡ್ ಶಾಫ್ಟಿನದ್ದು. ಲೇತ್‌ನಲ್ಲಿ ಕಂಚಿನ ಬುಷ್ ಮಾಡಿಸಿಕೊಳ್ಳುವುದು ಕಷ್ಟವಲ್ಲ. ಆದರೆ ಶಾಫ್ಟಿನ ತುದಿ ಗುಂಡಿಯ ತಳಕ್ಕೆ ತಾಗಬಾರದು. ತಾಗಿದರೆ ಅದು ಕ್ರ್ಯಾಂಕನ್ನೇ ಮುಂದಕ್ಕೆ ಒತ್ತುತ್ತಾ ಇರುತ್ತದೆ. ಗುಂಡಿಯ ತಳಕ್ಕೆ ಮಕ್ಕಳು ಆಡುವ ಕ್ಲೇ ಒಂದು ಚೂರು ಅಂಟಿಸಿ, ಬಾಕ್ಸ್ ಪೂರ್ತಿ ಕೂರಿಸಿ, ಬಿಚ್ಚಿ ನೋಡಿದರೆ ಎಷ್ಟು ಜಾಗ ಉಳಿದಿದೆ ಎಂದು ಗೊತ್ತಾಗುತ್ತದೆ.

ಬಾಕ್ಸ್ ಕೂರಿಸುವಾಗ ಕೊನೆಯ ಒಂದು ಸೆಂಟಿಮೀಟರ್ ಸಂದು ಉಳಿದು ಮುಂದೆ ಹೋಗದಿದ್ದರೆ ಅಲ್ಲೇ ನಿಲ್ಲಿಸಿ. ಬೋಲ್ಟ್ ಬಿಗಿದು ಎಳೆದು ತರುವ ಆಸೆ ಯಾರಿಗಾದರೂ ಬರುತ್ತದೆ. ಹಾಗೆ ಎಳೆದರೆ ಹೌಸಿಂಗ್‌ನ ಕಿವಿ ಮುರಿಯುತ್ತದೆ, ಇಲ್ಲವೇ ಕ್ಲಚ್ ಪ್ಲೇಟ್ ಬಗ್ಗುತ್ತದೆ. ಸರಿಯಾಗಿ ಹೊಂದಿದ ಬಾಕ್ಸ್ ಕೈಯಲ್ಲಿ ಒತ್ತಿದರೇ ಕೂರಬೇಕು.

ಅರ್ಧ ಅವರದು, ಅರ್ಧ ಇವರದು

ಕ್ಲಚ್‌ನಲ್ಲಿ ಲೆಕ್ಕ ಸರಳ. ಪ್ಲೇಟಿನ ಹೊರಗಿನ ವ್ಯಾಸ ಫ್ಲೈವೀಲ್, ಪ್ರೆಷರ್ ಪ್ಲೇಟ್ ಇರುವ ಕಡೆಗೆ ಸೇರಿದ್ದು, ನಡುವಿನ ಹಲ್ಲು ಗೇರ್‌ಬಾಕ್ಸ್‌ಗೆ ಸೇರಿದ್ದು. ಎಂಜಿಬಿಗೆ ಎಂಟು ಇಂಚಿನ ಕ್ಲಚ್. ಟೈಪ್ 9 ಶಾಫ್ಟಿಗೆ ಒಂದಿಂಚು ವ್ಯಾಸ, 23 ಹಲ್ಲು. ಆದ್ದರಿಂದ ಬೇಕಾದ್ದು ಎಂಟು ಇಂಚಿನ, 23 ಹಲ್ಲಿನ ಪ್ಲೇಟ್. ಸಿದ್ಧ ಸಿಗದಿದ್ದರೆ ಕ್ಲಚ್ ರಿಪೇರಿ ಮಾಡುವವರು ಒಂದರ ನಡುಭಾಗವನ್ನು ಇನ್ನೊಂದರ ಪ್ಲೇಟಿಗೆ ರಿವೆಟ್ ಮಾಡಿಕೊಡುತ್ತಾರೆ. ಪ್ಲೇಟ್ ಶಾಫ್ಟ್ ಮೇಲೆ ಸುಮ್ನೆ ಕೈಯಲ್ಲೇ ಜಾರಬೇಕು. ಅದರ ನಡುವಿನ ಉಬ್ಬು ಫ್ಲೈವೀಲ್ ಬೋಲ್ಟಿನ ತಲೆಗೆ ತಾಗದೇ ಇರಬೇಕು. ಬಿಗಿಯುವ ಮೊದಲೇ ಇದನ್ನು ನೋಡಿಕೊಳ್ಳಿ.

ಪೆಡಲ್ ಒತ್ತಿದಾಗ ಪ್ರೆಷರ್ ಪ್ಲೇಟನ್ನು ತಳ್ಳಿ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್‌ನಲ್ಲಿ ತಲೆನೋವು ಸ್ವಲ್ಪ ಜಾಸ್ತಿ. ಎಂಜಿಬಿಯಲ್ಲಿ ಬಾಲ್ ಬೇರಿಂಗ್ ಇರಲಿಲ್ಲ. ಗ್ರ್ಯಾಫೈಟ್ ಉಂಗುರವೊಂದು ಪ್ರೆಷರ್ ಪ್ಲೇಟನ್ನು ಉಜ್ಜುತ್ತಿತ್ತು. ಹೊಸ ಜೋಡಣೆಯಲ್ಲಿ ಟೈಪ್ 9ರ ಮೂತಿಯ ಕೊಳವೆಯ ಮೇಲೆ ಜಾರುವ ಬಾಲ್ ಬೇರಿಂಗ್ ಹಾಕಬಹುದು. ಶಾಫ್ಟಿನ ಸುತ್ತ ಉಂಗುರದ ಹಾಗೆ ಕೂರುವ ಹೈಡ್ರಾಲಿಕ್ ಸ್ಲೇವ್ ಸಿಲಿಂಡರ್ ಕೂಡ ಹಾಕಬಹುದು. ಅಂಥ ಉಂಗುರ ಹಾಕಿದರೆ ಎರಡು ವಿಷಯ ಲೆಕ್ಕ ಹಾಕಲೇಬೇಕು.

ಮೊದಲನೆಯದು ಎಣ್ಣೆಯ ಪ್ರಮಾಣ. ಪೆಡಲ್ ಕಡೆಯ ಮಾಸ್ಟರ್ ಸಿಲಿಂಡರ್ ವ್ಯಾಸ 19 ಮಿ.ಮೀ., ಅದರ ಓಟ 30 ಮಿ.ಮೀ. ಎನ್ನಿ. ಅದು ತಳ್ಳುವ ಎಣ್ಣೆ ಸುಮಾರು 8.5 ಸಿಸಿ. ಸ್ಲೇವ್‌ನ ಉಂಗುರದ ವಿಸ್ತೀರ್ಣ 850 ಚದರ ಮಿ.ಮೀ. ಇದ್ದರೆ ಬೇರಿಂಗ್ ಚಲಿಸುವುದು 10 ಮಿ.ಮೀ. ನಿಮ್ಮ ಪ್ರೆಷರ್ ಪ್ಲೇಟ್ ಪೂರ್ತಿ ಬಿಡಲು ಅಷ್ಟು ಸಾಕಾ? ಸಾಲದಿದ್ದರೆ ಗೇರ್ ಹಾಕುವಾಗ ಕರಕರ ಎನ್ನುತ್ತದೆ. ದೊಡ್ಡ ಮಾಸ್ಟರ್ ಹಾಕಿದರೆ ಪೆಡಲ್ ಗಟ್ಟಿಯಾಗುತ್ತದೆ. ಎರಡರ ನಡುವೆ ಒಂದು ಹದ ಕಂಡುಕೊಳ್ಳಬೇಕು.

ಎರಡನೆಯದು ಸಂದು. ಕ್ಲಚ್ ಪ್ಲೇಟ್ ಸವೆದ ಹಾಗೆ ಪ್ರೆಷರ್ ಪ್ಲೇಟಿನ ಬೆರಳುಗಳು ಗೇರ್‌ಬಾಕ್ಸ್ ಕಡೆಗೆ ಬರುತ್ತವೆ, ಅಂದರೆ ಬೇರಿಂಗನ್ನು ಹಿಂದಕ್ಕೆ ತಳ್ಳುತ್ತವೆ. ಹೊಸ ಪ್ಲೇಟ್ ಇರುವಾಗಲೇ ಬೇರಿಂಗ್ ತನ್ನ ಹಿಂದಿನ ಕೊನೆಗೆ ಒತ್ತಿಕೊಂಡಿದ್ದರೆ ಅದಕ್ಕೆ ಹೋಗಲು ಜಾಗವಿಲ್ಲ. ಪ್ಲೇಟ್ ಸವೆಯುತ್ತಾ ಬಂದಾಗ ಬೇರಿಂಗೇ ಕ್ಲಚ್ಚನ್ನು ಒತ್ತಿ ಹಿಡಿದಂತಾಗಿ ಸ್ಲಿಪ್ ಆಗಲು ಶುರುವಾಗುತ್ತದೆ. ಬೇರಿಂಗನ್ನು ಪೂರ್ತಿ ಹಿಂದಕ್ಕೆ ಒತ್ತಿಟ್ಟಾಗ ಹೊಸ ಪ್ಲೇಟಿನ ಜೊತೆ 3-4 ಮಿ.ಮೀ. ಸಂದು ಇರಬೇಕು. ಬಾಕ್ಸ್ ಮುಚ್ಚಿದ ಮೇಲೆ ಇದು ಕಾಣುವುದಿಲ್ಲ. ಹಾಗಾಗಿ ಮೊದಲೇ ಅಳೆದು, ಬೇಕಾದರೆ ಬುಡಕ್ಕೆ ಶಿಮ್ ಎಂಬ ತೆಳು ಬಿಲ್ಲೆ ಹಾಕಬೇಕು.

ಹಿಂದುಗಡೆಯ ಕೆಲಸ

ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಬಲ ಒಯ್ಯುವುದು ಪ್ರೊಪೆಲ್ಲರ್ ಶಾಫ್ಟ್. ಅದನ್ನು ಬೋಲ್ಟ್ ಮಾಡಲು ಎಂಜಿಬಿಯ ಗೇರ್‌ಬಾಕ್ಸ್ ಹಿಂದೆ ಫ್ಲ್ಯಾಂಜ್ ಎಂಬ ಚಪ್ಪಟೆ ಬಿಲ್ಲೆ ಇತ್ತು. ಟೈಪ್ 9ರಲ್ಲಿ ಆ ಶಾಫ್ಟಿನ ತುದಿಯ ಯೋಕ್ ನೇರವಾಗಿ ಬಾಕ್ಸ್‌ನ ಬಾಲದೊಳಗೆ ಜಾರುತ್ತದೆ. ಉದ್ದವೂ ಬೇರೆ. ಹಾಗಾಗಿ ಒಂದು ತುದಿಗೆ ಫೋರ್ಡ್ ಯೋಕ್, ಇನ್ನೊಂದು ತುದಿಗೆ ಎಂಜಿಬಿ ಹಿಂದಿನ ಆಕ್ಸಲ್‌ನ ಫ್ಲ್ಯಾಂಜ್ ಇರುವ ಹೊಸ ಪ್ರೊಪೆಲ್ಲರ್ ಶಾಫ್ಟ್ ಮಾಡಿಸಿ, ಬ್ಯಾಲೆನ್ಸ್ ಮಾಡಿಸಬೇಕು. ಕೋನವನ್ನೂ ಮರೆಯಬಾರದು. ಪ್ರೊಪೆಲ್ಲರ್ ಶಾಫ್ಟಿನ ತುದಿಯ ಕ್ರಾಸ್ ಜಾಯಿಂಟ್ ಓರೆಯಲ್ಲಿ ತಿರುಗುವಾಗ ಪ್ರತಿ ಸುತ್ತಿನಲ್ಲೂ ಎರಡು ಸಲ ವೇಗ ಏರಿಳಿಯುತ್ತದೆ. ಇನ್ನೊಂದು ತುದಿಯ ಜಾಯಿಂಟ್ ಅಷ್ಟೇ ಕೋನದಲ್ಲಿದ್ದರೆ ಆ ಏರಿಳಿತ ಅಳಿಸಿಹೋಗುತ್ತದೆ. ಅದಕ್ಕೇ ಗೇರ್‌ಬಾಕ್ಸ್‌ನ ಶಾಫ್ಟೂ ಆಕ್ಸಲ್ ಒಳಗೆ ಹೋಗುವ ಪಿನಿಯನ್ ಶಾಫ್ಟೂ ಸಮಾನಾಂತರ ಇರಬೇಕು. ಬಾಕ್ಸ್‌ನ ಮೌಂಟಿಂಗನ್ನು ಎಲ್ಲಿ ಸಿಕ್ಕಿತೋ ಅಲ್ಲಿ ವೆಲ್ಡ್ ಮಾಡಿದರೆ ಈ ಲೆಕ್ಕ ತಪ್ಪಿ, ಒಂದು ವೇಗಕ್ಕೆ ಬಂದ ಕೂಡಲೇ ಇಡೀ ಕಾರು ನಡುಗುತ್ತದೆ.

ಸ್ಪೀಡೋಮೀಟರ್‌ಗೂ ಕೆಲಸ ಇದೆ. ಹಳೆಯ ಸ್ಮಿತ್ಸ್ ಸ್ಪೀಡೋಮೀಟರ್ ಮುಖದ ಮೇಲೆ ಸಣ್ಣದಾಗಿ ಒಂದು ಸಂಖ್ಯೆ ಅಚ್ಚಾಗಿರುತ್ತದೆ. ಕಾರು ಒಂದು ಮೈಲಿ ಹೋದರೆ ಕೇಬಲ್ ಎಷ್ಟು ಸುತ್ತು ತಿರುಗಬೇಕು ಎಂಬುದು ಅದು. ಬಾಕ್ಸ್ ಬದಲಾದರೆ ಕೇಬಲ್ ಸುತ್ತು ಬದಲಾಗುತ್ತದೆ, ಮೀಟರ್ ಸುಳ್ಳು ಹೇಳುತ್ತದೆ. ಮೀಟರ್ ರಿಪೇರಿಯವರಿಂದ ಹೊಸ ಲೆಕ್ಕಕ್ಕೆ ಹೊಂದಿಸಿಕೊಳ್ಳಬೇಕು.

ಎಣ್ಣೆಯನ್ನು ಬಾಕ್ಸ್ ಹೇಳಿದ ಹಾಗೆ ಹಾಕಿ, ಕಾರು ಹೇಳಿದ ಹಾಗೆ ಬೇಡ. ಎಂಜಿಬಿಯ ಹಳೇ ಗೇರ್‌ಬಾಕ್ಸ್‌ಗೆ ಎಂಜಿನ್ ಆಯಿಲನ್ನೇ ಹಾಕುತ್ತಿದ್ದರು. ಟೈಪ್ 9ಕ್ಕೆ ಗೇರ್ ಆಯಿಲ್ ಬೇಕು. ಅದಕ್ಕೆ ಡ್ರೈನ್ ಪ್ಲಗ್ ಕೂಡ ಇಲ್ಲ, ಆಯುಷ್ಯಪೂರ್ತಿಗೆ ಒಂದೇ ಸಲ ಎಂಬುದು ಫೋರ್ಡ್ ಲೆಕ್ಕ. ಗುಜರಿಯಿಂದ ತಂದ ಬಾಕ್ಸ್ ಒಳಗೆ ಎಷ್ಟು ವರ್ಷದ ಎಣ್ಣೆ ಇದೆಯೋ! ಕಾರಿನಡಿ ಸೇರಿಸುವ ಮೊದಲೇ, ಬೆಂಚಿನ ಮೇಲಿರುವಾಗಲೇ ಬಗ್ಗಿಸಿ ಖಾಲಿ ಮಾಡಿ ಹೊಸದು ತುಂಬಿಬಿಡಿ.

ಅನುಪಾತ ಕೂಡ ಹೊಂದಬೇಕು

ಲೋಹ ಹೊಂದಿದರೆ ಸಾಲದು, ಗೇರ್‌ಗಳ ನಡುವಿನ ಅಂತರವೂ ಎಂಜಿನ್‌ಗೆ ಒಗ್ಗಬೇಕು. ನಾಲ್ಕು ಸಿಲಿಂಡರಿನ ಟೈಪ್ 9ರ ಅನುಪಾತಗಳು 3.65, 1.97, 1.37, 1.00, 0.82. ನಂತರದ ಎಂಜಿಬಿ ಬಾಕ್ಸ್‌ನದ್ದು 3.44, 2.17, 1.38, 1.00. ಮೊದಲೆರಡು ಗೇರ್ ಗಮನಿಸಿ. ಎಂಜಿಬಿಯಲ್ಲಿ ಒಂದನೇ ಗೇರಿನಲ್ಲಿ 5000 ಸುತ್ತಿಗೆ ಹೋಗಿ ಎರಡಕ್ಕೆ ಬದಲಿಸಿದರೆ ಎಂಜಿನ್ ಸುಮಾರು 3150ಕ್ಕೆ ಇಳಿಯುತ್ತದೆ. ಟೈಪ್ 9ರಲ್ಲಿ 2700ಕ್ಕೆ ಬೀಳುತ್ತದೆ. ಒಂದನೇ ಗೇರ್ ಬೇಗ ಮುಗಿದುಹೋಗುತ್ತದೆ, ಎರಡನೆಯದು ಸ್ವಲ್ಪ ಸೊರಗಿದ ಹಾಗೆ ಅನ್ನಿಸುತ್ತದೆ. ಇದಕ್ಕಾಗಿಯೇ ಒಂದನೇ ಗೇರನ್ನು ಎರಡಕ್ಕೆ ಹತ್ತಿರ ತರುವ ಬದಲಿ ಗೇರ್ ಸೆಟ್‌ಗಳು ಮಾರಾಟಕ್ಕಿವೆ. ಊರೊಳಗೆ ಜಾಸ್ತಿ ಓಡಿಸುವವರಿಗೆ ಅದು ಬೇಕಾಗಬಹುದು. ಬರೀ ಹೆದ್ದಾರಿಗೆ ಅಂತ ಮಾಡಿಸುವವರು ಆ ಖರ್ಚು ಬಿಡಬಹುದು, ಮೂರು ಮತ್ತು ನಾಲ್ಕನೇ ಗೇರ್ ಹೇಗೂ ಹಳೆಯದರಂತೆಯೇ ಇವೆ.

ನಮ್ಮ ಅಂಬಾಸಿಡರ್ ಮಾತು

ಇದನ್ನೆಲ್ಲ ಓದಿ, ಎಂಜಿಬಿ ಕಿಟ್ ತರಿಸಿ ಅಂಬಾಸಿಡರ್‌ಗೆ ಹಾಕಿದರಾಯಿತು ಅಲ್ವಾ ಎಂದು ಕೇಳಬಹುದು. ಅಷ್ಟು ನೇರವಾಗಿ ಆಗುವುದಿಲ್ಲ. ಬಿ-ಸೀರೀಸ್ ಒಳಗೇ ಭೇದಗಳಿವೆ. ಎಂಜಿಬಿಯಲ್ಲೇ 1964ರವರೆಗೆ ಕ್ರ್ಯಾಂಕಿಗೆ ಮೂರು ಮೇನ್ ಬೇರಿಂಗ್, ಆಮೇಲೆ ಐದು. ಹಿಂದಿನ ಪ್ಲೇಟ್, ಫ್ಲೈವೀಲ್ ಎರಡರಲ್ಲೂ ಒಂದೇ ಅಲ್ಲ. ಅಂಬಾಸಿಡರ್‌ನಲ್ಲಿ ಬಹುಕಾಲ ಗೇರ್ ಲಿವರ್ ಸ್ಟಿಯರಿಂಗ್ ಕಂಬದ ಪಕ್ಕದಲ್ಲಿತ್ತು. ಟೈಪ್ 9ರ ಲಿವರ್ ಬಾಕ್ಸ್ ಮೇಲೆ ನಿಲ್ಲುತ್ತದೆ. ನೆಲ ಕುಯ್ಯದೆ ಗತಿಯಿಲ್ಲ, ಮುಂದಿನ ಉದ್ದ ಸೀಟು ಅಡ್ಡ ಬರುತ್ತದೆ. ಹಿಂದೂಸ್ತಾನ್ ಮೋಟಾರ್ಸ್ ಕಂಪನಿಯೇ 1990ರ ದಶಕದಲ್ಲಿ ಅಂಬಾಸಿಡರ್‌ಗೆ ಐದು ಗೇರ್ ತಂದಾಗ ಹಳೇ ಎಂಜಿನ್‌ಗೆ ಬೇರೆ ಬಾಕ್ಸ್ ಜೋಡಿಸಲು ಹೋಗಲಿಲ್ಲ. ಇಸುಜುವಿನ 1.8 ಲೀಟರ್ ಎಂಜಿನ್ ಮತ್ತು ಐದು ಗೇರಿನ ಬಾಕ್ಸ್ ಎರಡೂ ಒಟ್ಟಿಗೆ ಬಂದವು. ಕಾರ್ಖಾನೆಗೆ ಅದೇ ಸರಿಯಾದ ದಾರಿ. ಮೂಲ ಎಂಜಿನ್ ಉಳಿಸಿಕೊಳ್ಳಬೇಕು ಎಂಬ ಪ್ರೀತಿ ಇರುವವರಿಗೆ ಮಾತ್ರ ಈ ಜೋಡಣೆಯ ಶ್ರಮ.

ಇಲ್ಲಿ ಮಾಡಿಸುವವರು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಓದಿಕೊಳ್ಳಬೇಕು. ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಆರ್‌ಸಿ ವಿವರ ಬೇರೆಯಾಗುವಂತೆ ವಾಹನ ಬದಲಿಸಬಾರದು ಎನ್ನುತ್ತದೆ ಅದು. ಎಂಜಿನ್ ಬದಲಿಸುವಾಗ ಇದು ನೇರವಾಗಿ ಅಡ್ಡ ಬರುತ್ತದೆ. ಗೇರ್‌ಬಾಕ್ಸ್ ಮಾತ್ರ ಬದಲಿಸುವುದಾದರೂ ಸ್ಪ್ಯಾನರ್ ಹಿಡಿಯುವ ಮೊದಲು ಆರ್‌ಟಿಒ ಕಚೇರಿಯಲ್ಲೂ ವಿಮೆಯವರಲ್ಲೂ ಬರವಣಿಗೆಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಎಲ್ಲ ಜೋಡಿಸಿದ ಮೇಲೆ ಎಂಜಿನ್ ಚಾಲೂ ಮಾಡುವ ಮೊದಲು ಹಿಂದಿನ ಚಕ್ರಗಳನ್ನು ಎತ್ತಿ ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಅಡ್ಡ ಕೊಡಿ. ಪ್ಲಗ್ ತೆಗೆದು ಕ್ರ್ಯಾಂಕನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಎಲ್ಲೂ ಬಿಗಿತ ಸಿಗಬಾರದು. ಕ್ಲಚ್ ಒತ್ತಿ, ಗೇರ್ ಹಾಕಿ, ಒಬ್ಬರು ಒಂದು ಹಿಂದಿನ ಚಕ್ರ ಹಿಡಿದಿಡಲಿ, ಇನ್ನೊಬ್ಬರು ಇನ್ನೊಂದನ್ನು ತಿರುಗಿಸಲಿ. ಎಂಜಿನ್ ತಿರುಗದೆ ಚಕ್ರ ಸಲೀಸಾಗಿ ತಿರುಗಿದರೆ ಕ್ಲಚ್ ಪೂರ್ತಿ ಬಿಡುತ್ತಿದೆ. ಆಮೇಲೆ ಪ್ಲಗ್ ಮತ್ತೆ ಹಾಕಿ ಎಂಜಿನ್ ಚಾಲೂ ಮಾಡಿ, ನ್ಯೂಟ್ರಲ್‌ನಲ್ಲಿ ಕ್ಲಚ್ ಒತ್ತಿಯೂ ಬಿಟ್ಟೂ ಕಿವಿಗೊಟ್ಟು ಕೇಳಿ. ಒತ್ತಿದಾಗ ಮಾತ್ರ ಸದ್ದು ಬಂದರೆ ರಿಲೀಸ್ ಬೇರಿಂಗನ್ನೂ ಪೈಲಟ್ ಬುಷ್ಷನ್ನೂ ನೋಡಿ. ಬಿಟ್ಟಾಗ ಬಂದು ಒತ್ತಿದಾಗ ನಿಂತರೆ ಬಾಕ್ಸ್‌ನ ಮುಂದಿನ ಬೇರಿಂಗ್ ಕಡೆ ಅನುಮಾನ ಪಡಿ, ಬಾಕ್ಸ್ ಇಳಿಸಿ ಡಯಲ್ ಗೇಜನ್ನು ಮತ್ತೆ ಕೈಗೆತ್ತಿಕೊಳ್ಳಿ.